ಪಟ್ಟಿ ತೆಗೆಯುವ ಗುಂಡಿ: ಬ್ಯಾಡಗಿ ಅಂಗಡಿಯ ಡೇಟಾಬೇಸಿಗೆ ಹೋದ ಆರು ಭಾನುವಾರ

ಕೆಲಸ ಇದ್ದದ್ದು ಇಷ್ಟೇ. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸಿನಲ್ಲಿ ಒಬ್ಬ ರೈತನ ಲಾಟ್ (ಒಮ್ಮೆಗೆ ಮಾರಾಟಕ್ಕೆ ತಂದ ಮಾಲು) ತೆರೆದಾಗ ಪಕ್ಕದಲ್ಲೇ ಒಂದು ಬಟನ್ ಇರಬೇಕು. ಅದನ್ನು ಒತ್ತಿದರೆ ಆ ಲಾಟಿನ ಸ್ಕ್ಯಾನ್ ಮಾಡಿದ ಪಟ್ಟಿ ಪರದೆ ಮೇಲೆ ಬರಬೇಕು. ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತೇನೆ ಅಂತ ಮಾಮಾಗೆ ಹೇಳಿಬಿಟ್ಟಿದ್ದೆ.

ಮಾಮಾನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಪಟ್ಟಿ ಅಂದರೆ ಏನು ಅಂತ ಪೇಟೆಯ ಹೊರಗಿನವರಿಗೆ ಹೇಳಬೇಕು. ರೈತ ತಂದ ಮಾಲು ಎಷ್ಟು ಚೀಲ, ಎಷ್ಟು ತೂಕ, ಯಾವ ದರಕ್ಕೆ ಹೋಯಿತು, ಹಮಾಲಿ ಎಷ್ಟು ಕಳೆಯಿತು, ಕೈಗೆ ಎಷ್ಟು ಬಂತು, ಇದೆಲ್ಲ ಬರೆದು ಕೊಡುವ ಹಾಳೆ. ಅಸಲು ರೈತನಿಗೆ, ಕಾರ್ಬನ್ ಪ್ರತಿ ಅಂಗಡಿಗೆ. ಈ ಪ್ರತಿಗಳು ವರ್ಷಕ್ಕೊಂದು ಗಂಟು ಆಗಿ ಅಟ್ಟದ ಮೇಲೆ ಹೋಗುತ್ತವೆ.

ಮೇ ತಿಂಗಳಲ್ಲಿ ಕುಂದಗೋಳ ಕಡೆಯ ರೈತರೊಬ್ಬರು ಬಂದಿದ್ದರು. ಹಿಂದಿನ ವರ್ಷದ ಪಟ್ಟಿ ಕಳೆದುಹೋಗಿತ್ತು, ಬ್ಯಾಂಕಿನಲ್ಲಿ ತೋರಿಸಬೇಕಿತ್ತು. ಅವರ ಲಾಟ್ ನಂಬರು ಕಂಪ್ಯೂಟರಿನಲ್ಲಿ ಅರ್ಧ ನಿಮಿಷದಲ್ಲಿ ಸಿಕ್ಕಿತು. ಹಾಳೆ ಸಿಗಲು ಐವತ್ತು ನಿಮಿಷ. ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಧೂಳು ಕೊಡವುತ್ತ ಅಟ್ಟ ಇಳಿದು ಬಂದು ನನಗೆ ಹೇಳಿದ್ದು: "ತಮ್ಮಾ, ಎಲ್ಲಾ ಕಂಪ್ಯೂಟರಿನ್ಯಾಗ ಐತಿ ಅಂತೀರಿ. ಕಾಗದ ಮಾತ್ರ ಅಟ್ಟದ ಮ್ಯಾಲ ಐತಿ."

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೋಗ್ರಾಮರ್ ಅಲ್ಲ. ಹುಬ್ಬಳ್ಳಿಯಲ್ಲಿ ಒಂದು ಬಿಡಿಭಾಗದ ಅಂಗಡಿಯ ಲೆಕ್ಕ ನೋಡುತ್ತೇನೆ. ಆಕ್ಸೆಸ್ ಅಲ್ಲೇ ಕಲಿತದ್ದು. ನಾನು ಎಡವಿದ ಜಾಗಗಳು ಇನ್ನೊಬ್ಬರಿಗೆ ಉಳಿತಾಯ ಆಗಲಿ ಅಂತ ಬರೆದಿಟ್ಟಿದ್ದೇನೆ. ಮೆಣಸಿನಕಾಯಿ ಸೀಸನ್ ಮುಗಿದ ಮೇಲೆ, ಜೂನ್ 2025ರಲ್ಲಿ ಶುರು ಮಾಡಿದೆ.

ಜೂನ್ 8, ಭಾನುವಾರ: ಇದ್ದದ್ದನ್ನು ನೋಡಿದ್ದು

ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟು ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಬ್ಯಾಡಗಿ. ಪೇಟೆ ಖಾಲಿ ಇತ್ತು. ಆದರೂ ಗಾಳಿಯಲ್ಲಿ ಘಾಟು ಇದ್ದೇ ಇತ್ತು.

ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಒಂದು ಗಾದಿ (ವ್ಯವಹಾರಕ್ಕೆ ಕೂರುವ ಜಾಗ) ಪಕ್ಕ, ದಿವಾನಜಿಯವರದು. ಇನ್ನೊಂದು ಒಳಕೋಣೆಯಲ್ಲಿ, ಮಾಮಾನ ಮಗಳದು. ಡೇಟಾಬೇಸ್ ಫೈಲು ಗಾದಿಯ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೇ ಕೂತಿತ್ತು.

ಹಿಂದೆ ಇದನ್ನು ಮಾಡಿಕೊಟ್ಟವರು ಅಟ್ಯಾಚ್‌ಮೆಂಟ್ ಫೀಲ್ಡ್ ಇಟ್ಟಿದ್ದರು. ಆಕ್ಸೆಸ್ 2007ರಿಂದ ಬಂದ ಸೌಲಭ್ಯ ಅದು. ಫೈಲನ್ನೇ ಡೇಟಾಬೇಸಿನ ಹೊಟ್ಟೆಯೊಳಗೆ ತುಂಬುತ್ತದೆ. ಮಾಮಾನ ಮಗಳು ಎರಡು ಸೀಸನ್ನಿನ ಕೆಲವು ಪಟ್ಟಿಗಳನ್ನು ಹಾಗೇ ತುಂಬಿದ್ದಳು, ಒಟ್ಟು 1,140. ಡೇಟಾಬೇಸ್ ಉಬ್ಬಿ 1.6 ಜಿಬಿ ಆಗಿತ್ತು. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ. ಅದರ ಮೇಲೆ ಒಂದು ಚೀಟಿಯೂ ಹಿಡಿಯುವುದಿಲ್ಲ. ಪಿಡಿಎಫ್, ಜೆಪೆಗ್ ಮೊದಲೇ ಕುಗ್ಗಿಸಿದ ಫೈಲುಗಳು, ಒಳಗೆ ಹಾಕಿದರೆ ಇನ್ನೂ ಸಣ್ಣದಾಗುವುದಿಲ್ಲ. ಇನ್ನೊಂದು ಸೀಸನ್ ಬಂದಿದ್ದರೆ ಜನವರಿಯಲ್ಲೇ ಅಂಗಡಿ ನಿಂತುಬಿಡುತ್ತಿತ್ತು.

ಆವತ್ತು ಕೈಗೊಂಡ ನಿರ್ಧಾರ ಒಂದೇ. ಫೈಲುಗಳು ಹೊರಗೆ ಫೋಲ್ಡರಿನಲ್ಲಿ ಇರಬೇಕು, ಡೇಟಾಬೇಸಿನಲ್ಲಿ ಬರೀ ಅವುಗಳ ಹೆಸರು ಇರಬೇಕು. ಒಂದು ಟಿಬಿ ಹೊರ ಹಾರ್ಡ್ ಡಿಸ್ಕ್ ತಂದು ಇಡೀ ಕಂಪ್ಯೂಟರಿನ ನಕಲು ತೆಗೆದೆ. 4,300 ರೂಪಾಯಿ. ಮುಂದೆ ಆದದ್ದನ್ನು ನೋಡಿದರೆ ಇಡೀ ಕೆಲಸದಲ್ಲಿ ಸರಿಯಾಗಿ ಖರ್ಚಾದ ದುಡ್ಡು ಅದೇ.

ಜೂನ್ 15: ಸ್ಕ್ಯಾನರ್ ಮತ್ತು ಖಾರದ ಪುಡಿ

ಕಾರ ಹುಣ್ಣಿಮೆ ಮುಗಿದ ವಾರ. ಇಲ್ಲಿಯವರೆಗೆ ಮೊಬೈಲಿನಲ್ಲಿ ಫೋಟೋ ತೆಗೆದು ಹಾಕುತ್ತಿದ್ದರು. ಹಾಳೆ ತಾನೇ ಎಳೆದುಕೊಳ್ಳುವ ಹಳೇ ಸ್ಕ್ಯಾನರ್ ಒಂದನ್ನು ಕೊಪ್ಪಿಕರ್ ರಸ್ತೆ ಕಡೆಯಿಂದ 6,500ಕ್ಕೆ ತಂದೆ. ಹುಬ್ಬಳ್ಳಿಯಲ್ಲಿ ಮನೆಯಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿತ್ತು.

ಬ್ಯಾಡಗಿಯಲ್ಲಿ ಇಪ್ಪತ್ತು ಹಾಳೆ ಆದ ಮೇಲೆ ಪ್ರತಿ ಸ್ಕ್ಯಾನಿನಲ್ಲೂ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ. ನಲವತ್ತು ಆದ ಮೇಲೆ ಮೂರು ಗೆರೆ. ಗಾಜು ಒರೆಸಿದೆ, ಹೋಗಲಿಲ್ಲ. ಗಾಜಿನ ದೊಡ್ಡ ಭಾಗ ಒರೆಸಿದ್ದು ತಪ್ಪು. ಹಾಳೆ ಓಡುವಾಗ ಓದುವುದು ಪಕ್ಕದ ಬೆರಳಗಲದ ಸಣ್ಣ ಉದ್ದನೆ ಗಾಜು. ಅದರ ಮೇಲೆ ಎಳ್ಳಿನಷ್ಟು ಮೆಣಸಿನಪುಡಿ ಕೂತರೂ ಎಲ್ಲ ಹಾಳೆಯಲ್ಲೂ ಉದ್ದಕ್ಕೆ ಗೆರೆ ಬೀಳುತ್ತದೆ. ಪುಡಿ ಬರುತ್ತಿದ್ದದ್ದು ಪಟ್ಟಿಗಳಿಂದಲೇ. ವರ್ಷಗಟ್ಟಲೆ ಚೀಲಗಳ ನಡುವೆ ಇದ್ದ ಕಾಗದ ಅಲ್ವಾ.

ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಬಾಟಲಿ, ಮೆತ್ತನೆ ಬಟ್ಟೆ, ಎರಡೂ ಸೇರಿ 180. ಐವತ್ತು ಹಾಳೆಗೊಮ್ಮೆ ಒರೆಸುವುದು ಅಂತ ನಿಯಮ ಮಾಡಿದೆವು. ಪ್ರತಿ ಗಂಟನ್ನೂ ಮೊದಲು ಅಂಗಳದಲ್ಲಿ ಬಡಿದು ಒಳಗೆ ತರುವುದು ಅಂತ ಇನ್ನೊಂದು. ಬಡಿಯುವವನು ನಾನೇ ಆದ್ದರಿಂದ ಸಂಜೆವರೆಗೆ ಸೀನು.

ಇನ್ನೊಂದು ತೊಂದರೆ ಕಾರ್ಬನ್ ಪ್ರತಿಗಳದು. ಗುಲಾಬಿ ಬಣ್ಣದ ತೆಳು ಹಾಳೆ. ಯಂತ್ರ ಎರಡೆರಡು ಒಟ್ಟಿಗೆ ಎಳೆದುಕೊಂಡಿತು, ಆಮೇಲೆ ಒಂದನ್ನು ನೆರಿಗೆ ಹಾಕಿ ಹರಿಯಿತು. ಹರಿದ ಹಾಳೆಯನ್ನು ದಿವಾನಜಿಯವರಿಗೆ ತೋರಿಸುವ ಧೈರ್ಯ ಬರಲಿಲ್ಲ, ಟೇಪ್ ಹಚ್ಚಿ ಗಂಟಿಗೆ ಸೇರಿಸಿದೆ. (ಅವರು ಮರುವಾರ ಕಂಡುಹಿಡಿದರು.) ತೆಳು ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೇ ಇಟ್ಟು ಮಾಡಬೇಕಾಯಿತು. 200 ಡಿಪಿಐ, ಬೂದು ಬಣ್ಣ ಸಾಕು. ಒಂದು ಹಾಳೆಗೆ ಸುಮಾರು 300 ಕೆಬಿ. ಮೊದಲು ಬಣ್ಣದಲ್ಲಿ 300 ಡಿಪಿಐ ಇಟ್ಟು ಸುಮ್ನೆ ಜಾಗ ತಿಂದಿದ್ದೆ.

ಪಟ್ಟಿಗಳ ಜೊತೆ ಇದ್ದ ರೈತರ ಆಧಾರ್ ಪ್ರತಿಗಳನ್ನು ಸ್ಕ್ಯಾನ್ ಮಾಡಲಿಲ್ಲ. ಬಟನ್ ಒತ್ತಿದವರಿಗೆಲ್ಲ ಅದು ಕಾಣಬೇಕಾಗಿಲ್ಲ.

ಜೂನ್ 22: ಒಳಗಿನ ಫೈಲು ಹೊರಗೆ. ನನ್ನ ದೊಡ್ಡ ತಪ್ಪು ಇಲ್ಲಿದೆ

ಅಟ್ಯಾಚ್‌ಮೆಂಟಿನಲ್ಲಿರುವ 1,140 ಫೈಲುಗಳನ್ನು ಒಂದೊಂದಾಗಿ ಕೈಯಲ್ಲಿ ಹೊರಗೆ ಹಾಕಲು ಆಗುವುದಿಲ್ಲ. ಆಕ್ಸೆಸ್ ಒಳಗಿನ ಪ್ರೋಗ್ರಾಮ್ ಭಾಷೆ ವಿಬಿಎಯಲ್ಲಿ ಸೇವ್‌ಟುಫೈಲ್ ಅಂತ ಒಂದು ಆಜ್ಞೆ ಇದೆ. ದಾಖಲೆ ಒಂದೊಂದೇ ತೆರೆದು, ಅದರ ಒಳಗಿನ ಅಟ್ಯಾಚ್‌ಮೆಂಟ್‌ಗಳನ್ನು ಮತ್ತೊಂದು ರೆಕಾರ್ಡ್‌ಸೆಟ್ (ದಾಖಲೆಗಳ ಸಾಲು) ಆಗಿ ತೆರೆದು, ಪ್ರತಿಯೊಂದನ್ನೂ ಫೋಲ್ಡರಿಗೆ ಉಳಿಸುತ್ತ ಹೋಗುವ ಲೂಪ್. ಇಪ್ಪತ್ತು ಸಾಲು.

ಹತ್ತನೆಯದೋ ಹನ್ನೊಂದನೆಯದೋ ಫೈಲಿಗೆ ಎರರ್ ಬಂದು ನಿಂತಿತು. ನಾನು ಓದದೆ, ಲೂಪಿನ ಮೇಲೆ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಹಾಕಿದೆ. ಅಂದರೆ ಎಡವಿದರೂ ನೋಡಬೇಡ, ಮುಂದೆ ಹೋಗು. ಆಮೇಲೆ ಸಲೀಸಾಗಿ ಓಡಿತು. ಕೊನೆಗೆ "ಮುಗಿಯಿತು" ಅಂತ ಬಂತು. ಖುಷಿಯಲ್ಲಿ ಹೊರಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಬಂದೆ.

ಬಂದು ಅಟ್ಯಾಚ್‌ಮೆಂಟ್ ಫೀಲ್ಡ್ ಅಳಿಸಲು ಕೈ ಇಟ್ಟಿದ್ದೆ. ದಿವಾನಜಿ ಕೇಳಿದರು: "ಎಷ್ಟು ಹೊರಗ ಬಂದ್ವು, ಎಣಿಸಿದ್ರೇನು?" ಚೀಲ ಎಣಿಸದೆ ಸಹಿ ಮಾಡದ ಮನುಷ್ಯ ಅವರು. ಎಣಿಸಿದೆ. ಫೋಲ್ಡರಿನಲ್ಲಿ 823 ಇದ್ದವು. 317 ಇಲ್ಲ.

ಕಾರಣ ಸರಳ. ಬಹಳ ಫೈಲುಗಳ ಹೆಸರು ಒಂದೇ. ಮೊಬೈಲಿನ ಸ್ಕ್ಯಾನ್ ಆಪ್ ಪ್ರತಿ ದಿನ ಒಂದರಿಂದ ಎಣಿಕೆ ಶುರು ಮಾಡುತ್ತಿತ್ತು. ಒಂದೇ ಹೆಸರಿನ ಫೈಲು ಮೊದಲೇ ಇದ್ದರೆ ಸೇವ್‌ಟುಫೈಲ್ ಅದರ ಮೇಲೆ ಬರೆಯುವುದಿಲ್ಲ, ಎರರ್ ಕೊಡುತ್ತದೆ. ಆ ಎರರ್ ಬಾಯಿಗೆ ನಾನೇ ಬಟ್ಟೆ ತುರುಕಿದ್ದೆ. ಫೀಲ್ಡ್ ಅಳಿಸಿದ್ದರೆ 317 ಪಟ್ಟಿಗಳಿಗೆ ಬ್ಯಾಕಪ್ಪೇ ಗತಿ.

ಸರಿಮಾಡಿದ್ದು ಹೀಗೆ. ಆ ರೆಸ್ಯೂಮ್ ನೆಕ್ಸ್ಟ್ ಸಾಲು ತೆಗೆದೆ. ಫೈಲಿನ ಹೆಸರಿನ ಮುಂದೆ ಆ ದಾಖಲೆಯ ಐಡಿ ನಂಬರು ಸೇರಿಸಿದೆ. ಒಂದೇ ದಾಖಲೆಯಲ್ಲಿ ಎರಡು ಅಟ್ಯಾಚ್‌ಮೆಂಟ್ ಇದ್ದರೆ ಮತ್ತೊಂದು ಅಂಕಿ. ಫೋಲ್ಡರ್ ಖಾಲಿ ಮಾಡಿ ಮತ್ತೆ ಓಡಿಸಿದೆ. 1,140. ಎರಡು ಸಲ ಎಣಿಸಿದೆ.

ಆಮೇಲೆ ಫೀಲ್ಡ್ ಅಳಿಸಿದರೆ ಡೇಟಾಬೇಸ್ ಇನ್ನೂ 1.6 ಜಿಬಿಯೇ. ಗಾಬರಿ ಬೇಡ. ಅಳಿಸಿದ ಜಾಗವನ್ನು ಆಕ್ಸೆಸ್ ತಾನಾಗಿ ಬಿಡುವುದಿಲ್ಲ. "ಕಾಂಪ್ಯಾಕ್ಟ್ ಆಂಡ್ ರಿಪೇರ್" ಮಾಡಬೇಕು. ಮಾಡಿದ ಮೇಲೆ 38 ಎಂಬಿ. ಫಾರ್ಮ್ ತೆರೆಯಲು ಮೊದಲು ಹತ್ತು ಸೆಕೆಂಡ್ ಹಿಡಿಯುತ್ತಿತ್ತು, ಈಗ ಒತ್ತಿದ ತಕ್ಷಣ.

ಜೂನ್ 29: ಕೊನೆಗೂ ಬಟನ್

ನಿಜವಾದ ಕೆಲಸ ಶುರುವಾದದ್ದು ನಾಲ್ಕನೇ ಭಾನುವಾರ.

ಮೊದಲ ಪ್ರಯತ್ನ, ಶೆಲ್. ವಿಬಿಎಯಲ್ಲಿ ಹೊರಗಿನದನ್ನು ತೆರೆಯಲು ಎಲ್ಲರಿಗೂ ಮೊದಲು ನೆನಪಾಗುವ ಹೆಸರು. ಪಿಡಿಎಫ್ ಹೆಸರು ಕೊಟ್ಟೆ. ಎರರ್ 5. ಶೆಲ್ ಪ್ರೋಗ್ರಾಮ್ ಮಾತ್ರ ಓಡಿಸುತ್ತದೆ, ಕಡತ ತೆರೆಯುವುದಿಲ್ಲ. ಹಾಗಾಗಿ ಪಿಡಿಎಫ್ ಓದುವ ಪ್ರೋಗ್ರಾಮಿನ ಪೂರ್ತಿ ದಾರಿ ಕೊಟ್ಟು, ಅದರ ಮುಂದೆ ಫೈಲಿನ ದಾರಿ ಕೊಟ್ಟೆ. ದಾರಿಯಲ್ಲಿ ಖಾಲಿ ಜಾಗ ಇದ್ದದ್ದರಿಂದ ಎರಡಕ್ಕೂ ಉದ್ಧರಣ ಚಿಹ್ನೆ ಸುತ್ತಬೇಕು, ವಿಬಿಎಯಲ್ಲಿ ಚಿಹ್ನೆಯೊಳಗೆ ಚಿಹ್ನೆ ಎರಡೆರಡು ಬರೆಯಬೇಕು. ಆ ಒಂದು ಸಾಲಿಗೆ ಅರ್ಧ ಗಂಟೆ ಹೋಯಿತು. ಗಾದಿಯ ಕಂಪ್ಯೂಟರಿನಲ್ಲಿ ತೆರೆಯಿತು. ಒಳಕೋಣೆಯದರಲ್ಲಿ ಎರರ್ 53, ಫೈಲು ಸಿಗಲಿಲ್ಲ. ಅಲ್ಲಿ ಆ ಪ್ರೋಗ್ರಾಮೇ ಇರಲಿಲ್ಲ, ಪಿಡಿಎಫ್ ಬ್ರೌಸರಿನಲ್ಲಿ ತೆರೆಯುತ್ತಿತ್ತು. ಕೈಬಿಟ್ಟೆ.

ಎರಡನೆಯದು, ಹೈಪರ್‌ಲಿಂಕ್ ಫೀಲ್ಡ್. ಬಟನ್ನೇ ಬೇಡ, ನೀಲಿ ಅಕ್ಷರ ಒತ್ತಿದರೆ ಸಾಕು ಅಂದುಕೊಂಡೆ. ಆಕ್ಸೆಸ್‌ನ ಪೆಟ್ಟಿಗೆಯಿಂದ ಫೈಲು ಆರಿಸಿದೆ, ತೆರೆಯಿತು. ಹತ್ತು ದಾಖಲೆಗೆ ಹಾಕಿದೆ. ಆಮೇಲೆ ಡೇಟಾಬೇಸನ್ನು ಡೆಸ್ಕ್‌ಟಾಪಿನಿಂದ ಡಿ ಡ್ರೈವಿಗೆ ಸರಿಸಿದೆ. ಹತ್ತೂ ಸತ್ತವು. ಆ ಪೆಟ್ಟಿಗೆ ದಾರಿಯನ್ನು ಪೂರ್ತಿ ಬರೆದಿರಲಿಲ್ಲ. ಡೇಟಾಬೇಸ್ ಇದ್ದ ಜಾಗದಿಂದ ಲೆಕ್ಕ ಹಾಕಿ ಬರೆದಿತ್ತು. ಅದನ್ನೂ ಬಿಟ್ಟೆ.

ಮೂರನೆಯದು, ಸಾದಾ ಟೆಕ್ಸ್ಟ್ ಫೀಲ್ಡ್, ಒಂದು ಬಟನ್, ಅದರ ಆನ್ ಕ್ಲಿಕ್‌ನಲ್ಲಿ ಒಂದೇ ಸಾಲು. ಅಪ್ಲಿಕೇಶನ್ ಡಾಟ್ ಫಾಲೋಹೈಪರ್‌ಲಿಂಕ್, ಅದರ ಮುಂದೆ ಫೈಲಿನ ದಾರಿ. ಯಾವ ಫೈಲಿಗೆ ಯಾವ ಪ್ರೋಗ್ರಾಮ್ ಅಂತ ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ. ಪಿಡಿಎಫ್ ಬಂತು. ಫೋಟೋ ಬಂತು. ಹಳೇ ವರ್ಡ್ ಪತ್ರವೂ ಬಂತು. ಆದರೆ ಆ ಪತ್ರ ಒಳಕೋಣೆಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಜಾತ್ರೆ. ದಿವಾನಜಿ ಹಿಂದೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಪತ್ರ ಅದು, ಅಲ್ಲಿ ನುಡಿ ಹಾಕಿರಲಿಲ್ಲ. ಹಾಕಿದೆ, ಸರಿಹೋಯಿತು.

ಹೊಸ ದಾಖಲೆಯಲ್ಲಿ ಫೀಲ್ಡ್ ಖಾಲಿ ಇದ್ದಾಗ ಒತ್ತಿದರೆ ಎರರ್ 94. ಖಾಲಿ ಅಂದರೆ ಇಲ್ಲಿ ನಲ್, ಅದನ್ನು ಅಕ್ಷರದ ವೇರಿಯಬಲಿಗೆ ಹಾಕಲು ಬರುವುದಿಲ್ಲ. ನಲ್ ಇದ್ದರೆ ಬೇರೆ ಬೆಲೆ ಕೊಡುವ ಎನ್‌ಝಡ್ ಫಂಕ್ಷನ್ ಸುತ್ತಿದರೆ ಮುಗಿಯಿತು.

ಸಂಜೆ ಐದಕ್ಕೆ ಮಾಮಾಗೆ ತೋರಿಸಿದೆ. ಐದು ಸಲ ಒತ್ತಿದರು, ಐದು ಸಲವೂ ಬಂತು. ನಾನು ಬಸ್ ಹತ್ತಿದೆ.

ಜುಲೈ 6: ಕನ್ನಡ ಹೆಸರಿನ ಫೈಲುಗಳು

ನಡುವಿನ ವಾರದಲ್ಲಿ ಫೋನು. ಕೆಲವು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ತೆರೆಯದಿದ್ದಾಗ ಎರರ್ 490 ಬಂದು ಹಳದಿ ಗೆರೆಯ ಕೋಡ್ ಕಿಟಕಿ ತೆರೆದುಕೊಳ್ಳುತ್ತದೆ. ದಿವಾನಜಿ ಅದನ್ನು ನೋಡಿದ್ದೇ ಕಂಪ್ಯೂಟರನ್ನೇ ಬಂದ್ ಮಾಡಿದ್ದರು.

490 ಅಂದರೆ ಆ ಫೈಲನ್ನು ತೆರೆಯಲಾಗಲಿಲ್ಲ. ಆದರೆ ನಾನು ತೆರೆಯುವ ಮೊದಲು ಫೈಲು ಇದೆಯೋ ಇಲ್ಲವೋ ಅಂತ ಡಿಐಆರ್ ಫಂಕ್ಷನ್ನಿನಿಂದ ಪರೀಕ್ಷೆ ಮಾಡುತ್ತಿದ್ದೆ! ಅದು "ಇದೆ" ಅನ್ನುತ್ತಿತ್ತು. ಫೋಲ್ಡರಿನಲ್ಲಿ ನೋಡಿದರೆ ಇರಲಿಲ್ಲ. ಎರಡು ತಾಸು ತಲೆ ಕೆಡಿಸಿಕೊಂಡೆ.

ಮಾಮಾನ ಮಗಳು ಕೆಲವು ಲಾಟಿಗೆ ಬೇರೆ ಬೇರೆ ಫೋಲ್ಡರ್ ಮಾಡಿ ಒಳಗಿನ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದಳು. ಪಟ್ಟಿ, ರಸೀದಿ, ಹೀಗೆ. ರಸೀದಿ ಅಂದರೆ ಕೋಲ್ಡ್ ಸ್ಟೋರೇಜಿನದು. ಒಂದು ಫೋಲ್ಡರಿನಲ್ಲಿ ರಸೀದಿ ಮಾತ್ರ ಇತ್ತು, ಪಟ್ಟಿ ಇರಲಿಲ್ಲ. ಆದರೂ ಪಟ್ಟಿ ಇದೆಯಾ ಅಂದರೆ ಇದೆ ಅನ್ನುತ್ತಿತ್ತು.

ವಿಬಿಎಯ ಡಿಐಆರ್ ಹಳೇ ಕಾಲದ್ದು. ಹೆಸರನ್ನು ಯೂನಿಕೋಡಿನಿಂದ (ಎಲ್ಲ ಭಾಷೆಯ ಅಕ್ಷರಕ್ಕೂ ಜಾಗವಿರುವ ಈಗಿನ ಕೋಡ್) ಹಳೇ ಕೋಡಿಗೆ ಇಳಿಸಿ ಹುಡುಕುತ್ತದೆ. ಆ ಹಳೇ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಪ್ರತಿ ಕನ್ನಡ ಅಕ್ಷರದ ಬದಲು ಒಂದು ಪ್ರಶ್ನೆಚಿಹ್ನೆ ಬರುತ್ತದೆ. ಅಷ್ಟೇ ಆಗಿದ್ದರೆ "ಇಲ್ಲ" ಅನ್ನುತ್ತಿತ್ತು. ಆದರೆ ಫೈಲು ಹುಡುಕುವಾಗ ಪ್ರಶ್ನೆಚಿಹ್ನೆಗೆ ಬೇರೆ ಅರ್ಥ ಇದೆ: ಇಲ್ಲಿ ಯಾವ ಅಕ್ಷರ ಬೇಕಾದರೂ ಇರಬಹುದು. ಕಂಪ್ಯೂಟರಿನ ಲೆಕ್ಕದಲ್ಲಿ "ಪಟ್ಟಿ" ಐದು: ಪ, ಟ, ಹಲಂತ, ಟ, ಗುಡಿಸು. "ರಸೀದಿ" ಕೂಡ ಐದು: ರ, ಸ, ಅದರ ಗುಡಿಸಿನ ದೀರ್ಘ, ದ, ಗುಡಿಸು. ಐದು ಪ್ರಶ್ನೆಚಿಹ್ನೆ ಕೊಟ್ಟು ಕೇಳಿದರೆ ರಸೀದಿಯೂ ಒಪ್ಪುತ್ತದೆ. ಪಟ್ಟಿ ಇದೆಯಾ ಅಂದರೆ ರಸೀದಿ ಕೈ ಎತ್ತುತ್ತಿತ್ತು.

ಇದನ್ನು ಹಾಳೆ ಮೇಲೆ ಬರೆದು ದಿವಾನಜಿಯವರಿಗೆ ತೋರಿಸಿದೆ. "ಹಂಗಾರ ಕಡ್ಡಿ ಕೇಳಿದ್ರ ಡಬ್ಬಿ ತೂಗಿ ಕೊಟ್ಟಂಗಾತು" ಅಂದರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ತಳಿ, ಕಡ್ಡಿ ಉದ್ದ, ಡಬ್ಬಿ ಗಿಡ್ಡ. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ.

ಡಿಐಆರ್ ತೆಗೆದು ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನ ಫೈಲ್‌ಎಕ್ಸಿಸ್ಟ್ಸ್ ಹಾಕಿದೆ. ಅದಕ್ಕೆ ಕನ್ನಡ ಹೆಸರು ಸಲೀಸು.

ಆಮೇಲೆ "ಪಟ್ಟಿ ಸಿಗಲಿಲ್ಲ" ಅಂತ ಕನ್ನಡದಲ್ಲಿ ಸಂದೇಶ ತೋರಿಸೋಣ ಅಂದರೆ, ವಿಬಿಎ ಕೋಡ್ ಕಿಟಕಿಯಲ್ಲಿ ಕನ್ನಡ ಅಂಟಿಸಿದ ತಕ್ಷಣ ಅಲ್ಲೂ ಪ್ರಶ್ನೆಚಿಹ್ನೆಗಳ ಸಾಲು. ಟೇಬಲಿನಲ್ಲಿ ಬರೆದಿಟ್ಟು ಅಲ್ಲಿಂದ ತಂದು ಸಂದೇಶದ ಪೆಟ್ಟಿಗೆ ತೋರಿಸುವ ಎಮ್‌ಎಸ್‌ಜಿಬಾಕ್ಸ್‌ಗೆ ಕೊಟ್ಟರೂ ಅದೇ. ಆದರೆ ಫಾರ್ಮ್ ಮೇಲಿನ ಲೇಬಲ್‌ಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಹಾಗಾಗಿ ಅಡ್ಡದಾರಿ ಹಿಡಿದೆ. ಬಟನ್ ಕೆಳಗೆ ಕೆಂಪು ಲೇಬಲ್ ಒಂದನ್ನು ಇಟ್ಟು, ಅದರ ಮೇಲೆ "ಈ ಲಾಟಿನ ಪಟ್ಟಿ ಸ್ಕ್ಯಾನ್ ಆಗಿಲ್ಲ" ಅಂತ ಮೊದಲೇ ಬರೆದು ಅಡಗಿಸಿಟ್ಟೆ. ಫೈಲು ಸಿಗದಿದ್ದರೆ ಕೋಡ್ ಅದನ್ನು ಕಾಣಿಸುತ್ತದೆ, ಅಷ್ಟೇ. ಎರರ್ ಪೆಟ್ಟಿಗೆಗಿಂತ ದಿವಾನಜಿಯವರಿಗೆ ಇದೇ ಇಷ್ಟ. ಯಾವ ಗುಂಡಿಯನ್ನೂ ಒತ್ತಿ ಮುಚ್ಚಬೇಕಾಗಿಲ್ಲ.

ಇಲ್ಲೊಂದು ಅತಿಬುದ್ಧಿ ಮಾಡಿದ್ದೆ. ಒತ್ತುವವರೆಗೆ ಯಾಕೆ ಕಾಯಬೇಕು, ದಾಖಲೆ ಬದಲಾದಾಗಲೇ ಫೈಲು ಇದೆಯಾ ನೋಡಿ ಲೇಬಲ್ ಕಾಣಿಸೋಣ ಅಂತ. ಗಾದಿಯಲ್ಲಿ ಚೆನ್ನಾಗಿತ್ತು. ಒಳಕೋಣೆಯಲ್ಲಿ ಪ್ರತಿ ದಾಖಲೆಗೂ ಪರದೆ ಸುಮಾರು ಹೊತ್ತು ಹೆಪ್ಪುಗಟ್ಟುತ್ತಿತ್ತು, ನೆಟ್‌ವರ್ಕಿನಲ್ಲಿ ಫೈಲು ಹುಡುಕುತ್ತ. ತೆಗೆದುಹಾಕಿದೆ. ಪರೀಕ್ಷೆ ಬಟನ್ ಒತ್ತಿದಾಗ ಮಾತ್ರ.

ಜುಲೈ 13: ಹೆಸರು, ದಾರಿ, ಎರಡನೇ ಕಂಪ್ಯೂಟರ್

ಉಳಿದ ಕಿರಿಕಿರಿಗಳನ್ನೆಲ್ಲ ಒಂದೇ ದಿನ ಹಿಡಿದೆ.

ಖರೀದಿದಾರರು ಮೆಣಸಿನಕಾಯಿಯ ಬಣ್ಣದ ಪರೀಕ್ಷೆ ಮಾಡಿಸಿ ಕಳಿಸುವ ಲ್ಯಾಬ್ ವರದಿಗಳೂ ಈ ಬಟನ್ನಿಗೆ ಬೇಕು ಅಂತ ಮಾಮಾ ಹೊಸ ಬೇಡಿಕೆ ಇಟ್ಟರು. ಆ ಫೈಲುಗಳ ಹೆಸರಿನಲ್ಲಿ ಲಾಟ್ ನಂಬರಿನ ಮುಂದೆ ಹ್ಯಾಷ್ ಚಿಹ್ನೆ (#) ಇರುತ್ತದೆ. ಫಾಲೋಹೈಪರ್‌ಲಿಂಕ್‌ಗೆ ಹ್ಯಾಷ್ ಕಂಡರೆ ಆಗುವುದಿಲ್ಲ. ಅದರ ಪ್ರಕಾರ ಹ್ಯಾಷ್ ಅಂದರೆ ಇಲ್ಲಿಗೆ ಫೈಲಿನ ಹೆಸರು ಮುಗಿಯಿತು, ಮುಂದಿನದು ಫೈಲಿನ ಒಳಗಿನ ಜಾಗ. ಅರ್ಧ ಹೆಸರಿನ ಫೈಲು ಹುಡುಕಿ ಸೋಲುತ್ತದೆ. ಜೊತೆಗೆ ಒಳಕೋಣೆಯಲ್ಲಿ ಫೋಟೋ ತೆರೆಯುವಾಗಲೆಲ್ಲ "ಇಂಥ ಫೈಲು ಹಾನಿ ಮಾಡಬಹುದು" ಅಂತ ಎಚ್ಚರಿಕೆ ಬೇರೆ.

ಹಾಗಾಗಿ ಫೈಲು ತೆರೆಯುವ ವಿಂಡೋಸಿನದೇ ಫಂಕ್ಷನ್ ಶೆಲ್‌ಎಕ್ಸಿಕ್ಯೂಟ್‌ಗೆ ಬದಲಾದೆ. ಇದರಲ್ಲಿ ಎರಡು ಎಡವು. ಮೊದಲು, ವಿಂಡೋಸಿನ ಫಂಕ್ಷನ್ನನ್ನು ವಿಬಿಎಗೆ ಪರಿಚಯಿಸುವ ಡಿಕ್ಲೇರ್ ಸಾಲನ್ನು ಹಳೇ ಮಾದರಿಯಲ್ಲೇ ಅಂಟಿಸಿದೆ. 64 ಬಿಟ್ ಆಫೀಸ್ ಇದ್ದ ಒಳಕೋಣೆಯಲ್ಲಿ ಕೋಡ್ ಕಂಪೈಲ್ ಆಗಲೇ ಇಲ್ಲ. ಡಿಕ್ಲೇರ್ ಪಕ್ಕ ಪಿಟಿಆರ್‌ಸೇಫ್ ಬರೆಯಬೇಕು, ಹ್ಯಾಂಡಲ್ (ವಿಂಡೋಸ್ ಕೊಡುವ ಗುರುತು ನಂಬರು) ಇರುವ ಕಡೆ ಲಾಂಗ್ ಬದಲು ಲಾಂಗ್‌ಪಿಟಿಆರ್ ಇರಬೇಕು. ಎರಡನೆಯದು, ಹೆಸರಿನ ಕೊನೆಗೆ ಎ ಇರುವ ಶೆಲ್‌ಎಕ್ಸಿಕ್ಯೂಟ್ ತೆಗೆದುಕೊಂಡಿದ್ದೆ. ಅದು ಮತ್ತೆ ಹಳೇ ಕೋಡಿನದು, ಮತ್ತೆ ಪ್ರಶ್ನೆಚಿಹ್ನೆ. ಕೊನೆಗೆ ಡಬ್ಲ್ಯೂ ಇರುವುದು ಬೇಕು, ಅದಕ್ಕೆ ಹೆಸರನ್ನು ಸ್ಟ್ರ್‌ಪಿಟಿಆರ್ (ಅಕ್ಷರಗಳು ಮೆಮೊರಿಯಲ್ಲಿ ಇರುವ ವಿಳಾಸ) ಮೂಲಕ ಕೊಡಬೇಕು. ಒಂದು ವಾರದ ಹಿಂದೆ ಇದೇ ಹಳ್ಳಕ್ಕೆ ಬಿದ್ದಿದ್ದೆ, ಮತ್ತೆ ಬಿದ್ದೆ. ಉತ್ತರ 32ಕ್ಕಿಂತ ಜಾಸ್ತಿ ಬಂದರೆ ತೆರೆದಿದೆ. 2 ಬಂದರೆ ಫೈಲಿಲ್ಲ, 3 ಬಂದರೆ ಫೋಲ್ಡರಿಲ್ಲ.

ಹೆಸರಿಡುವುದಕ್ಕೆ ಒಂದೇ ಕ್ರಮ ತಂದೆವು. ಪಟ್ಟಿ ನಂಬರೇ ಫೈಲಿನ ಹೆಸರು. ಆದರೆ ಅಂಗಡಿಯ ನಂಬರು 24-25/1187 ಥರ ಇರುತ್ತದೆ. ವಿಂಡೋಸ್ ಫೈಲಿನ ಹೆಸರಿನಲ್ಲಿ ಆ ಓರೆಗೆರೆಯನ್ನು ಬಿಡುವುದಿಲ್ಲ. ವರ್ಷಕ್ಕೊಂದು ಫೋಲ್ಡರ್, ಒಳಗೆ ಬರೀ 1187. ಕನ್ನಡ ಹೆಸರು ಬೇಡ ಅಂತಲ್ಲ, ಈಗ ಅವೂ ತೆರೆಯುತ್ತವೆ. ಆದರೆ ನಂಬರಾದರೆ ಡೇಟಾಬೇಸ್ ತಾನೇ ಹೆಸರು ಕಟ್ಟಿಕೊಳ್ಳುತ್ತದೆ, ಯಾರೂ ಟೈಪ್ ಮಾಡಬೇಕಾಗಿಲ್ಲ. ಮಾಮಾನ ಮಗಳಿಗೆ ಬೇಜಾರಾಯಿತು. ಅವಳು ಇಟ್ಟ ಹೆಸರುಗಳು ನಿಜಕ್ಕೂ ಓದಲು ಚೆನ್ನಾಗಿದ್ದವು.

ದಾರಿಯ ವಿಷಯ. ಗಾದಿಯಲ್ಲಿ ಫೋಲ್ಡರ್ ಡಿ ಡ್ರೈವಿನಲ್ಲಿ, ಒಳಕೋಣೆಯಲ್ಲಿ ಅದೇ ಫೋಲ್ಡರ್ ಝಡ್ ಡ್ರೈವ್ ಆಗಿ ಕಾಣುತ್ತಿತ್ತು. ಪೂರ್ತಿ ದಾರಿಯನ್ನು ದಾಖಲೆಯಲ್ಲಿ ಬರೆದಿದ್ದರೆ ಒಂದು ಕಡೆ ತೆರೆದದ್ದು ಇನ್ನೊಂದು ಕಡೆ ತೆರೆಯುತ್ತಿರಲಿಲ್ಲ. ಒಂದೇ ಸಾಲಿನ ಸೆಟ್ಟಿಂಗ್ ಟೇಬಲ್ ಮಾಡಿ, ಡ್ರೈವ್ ಅಕ್ಷರದ ಬದಲು ಎರಡು ಹಿಮ್ಮುಖ ಓರೆಗೆರೆಯಿಂದ (\\) ಶುರುವಾಗುವ ನೆಟ್‌ವರ್ಕ್ ದಾರಿಯನ್ನು ಅಲ್ಲಿ ಬರೆದೆ. ನಾಳೆ ಕಂಪ್ಯೂಟರ್ ಬದಲಾದರೆ ಆ ಒಂದು ಸಾಲು ತಿದ್ದಿದರೆ ಸಾಕು. ಸ್ವಿಚ್, ಕೇಬಲ್ 1,150. ವೈಫೈಯಲ್ಲಿ ಪ್ರಯತ್ನ ಮಾಡಿದ್ದೆ, ಚೀಲಗಳ ಗೋಡೆ ಎದ್ದರೆ ಸಿಗ್ನಲ್ ಇಲ್ಲ.

ಇನ್ನೊಂದು ಚಿಕ್ಕದು, ಆದರೆ ವಾರಗಟ್ಟಲೆ ಕಾಡಿದ್ದು. ಹುಬ್ಬಳ್ಳಿಯಲ್ಲಿ ತಿದ್ದಿದ ಫೈಲನ್ನು ಮೇಲ್ ಮಾಡುತ್ತಿದ್ದೆ. ಬ್ಯಾಡಗಿಯಲ್ಲಿ ತೆರೆದರೆ ಮೇಲೆ ಕೆಂಪು ಎಚ್ಚರಿಕೆ, ಮ್ಯಾಕ್ರೋ (ಒಳಗಿನ ಕೋಡ್) ಬಂದ್, ಬಟನ್ ಸತ್ತಂತೆ. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಾನಾಗಿ ತಡೆಯುತ್ತದೆ. ಫೈಲಿನ ಪ್ರಾಪರ್ಟೀಸಿನಲ್ಲಿ ಅನ್‌ಬ್ಲಾಕ್ ಗುರುತು ಹಾಕಬೇಕು. ಎರಡೂ ಕಂಪ್ಯೂಟರಿನಲ್ಲಿ ಒಂದು ಫೋಲ್ಡರನ್ನು ಟ್ರಸ್ಟೆಡ್ ಲೊಕೇಶನ್ (ಆಫೀಸ್ ನಂಬುವ ಜಾಗ) ಮಾಡಿ ಫಾರ್ಮ್‌ಗಳ ಫೈಲನ್ನು ಅಲ್ಲೇ ಇಟ್ಟೆ. ಈಗ ಪೆನ್‌ಡ್ರೈವಿನಲ್ಲೇ ಒಯ್ಯುತ್ತೇನೆ.

ಖರ್ಚು: ಹಾರ್ಡ್ ಡಿಸ್ಕ್ 4,300, ಸ್ಕ್ಯಾನರ್ 6,500, ಸ್ವಿಚ್ ಮತ್ತು ಕೇಬಲ್ 1,150, ಒರೆಸುವ ಸಾಮಾನು 180, ನನ್ನ ಓಡಾಟ ಸುಮಾರು 1,500. ಒಟ್ಟು 13,630. ಹೊಸ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಅಂದವರು ಒಬ್ಬರು 45,000 ಹೇಳಿದ್ದರಂತೆ. ನನ್ನ ಆರು ಭಾನುವಾರದ ಕೂಲಿ ಇದರಲ್ಲಿ ಸೇರಿಲ್ಲ. ಮಾಮಾ ಹತ್ತು ಕೆಜಿ ಡಬ್ಬಿ ಕೊಟ್ಟಿದ್ದಾರೆ.

ಜುಲೈ 14, ಸೋಮವಾರ

ರಜೆ ಹಾಕಿ ಉಳಿದುಕೊಂಡೆ, ಪೇಟೆಯ ದಿನ ಅಂತ. ಹನ್ನೊಂದು ಗಂಟೆಗೆ ಹೊಸರಿತ್ತಿ ಕಡೆಯ ಒಬ್ಬರು ಹೋದ ವರ್ಷದ ಪಟ್ಟಿ ಕೇಳಿಕೊಂಡು ಬಂದರು. ದಿವಾನಜಿ ಹೆಸರು ಹಾಕಿದರು, ಲಾಟ್ ಬಂತು, ಬಟನ್ ಒತ್ತಿದರು. ಎರಡು ಸೆಕೆಂಡಿನಲ್ಲಿ ಪಟ್ಟಿ ಪರದೆ ತುಂಬ ಬಂತು, ತಲೆಕೆಳಗಾಗಿ. ಆ ಗಂಟನ್ನು ನಾನೇ ಸ್ಕ್ಯಾನ್ ಮಾಡಿದ್ದು, ಹಾಳೆಗಳನ್ನು ತಿರುವಿ ಹಾಕಿದ್ದೆ. ದಿವಾನಜಿ ನನ್ನ ಕಡೆ ನೋಡಲೂ ಇಲ್ಲ. ಕುತ್ತಿಗೆ ಹೊರಳಿಸಿ ಓದುತ್ತ ನಕಲು ಬರೆದು, ಸಹಿ ಮಾಡಿ ಕೊಟ್ಟರು. ಆ ಗಂಟಿನಲ್ಲಿ ಇನ್ನೂ 64 ಹಾಳೆ ಹಾಗೇ ಇವೆ.